ಶಿರಸಿಯಲ್ಲಿ ಅಲ್ಪಾಕ ಸಾಕಬಹುದೇ? ಬಣ್ಣ ಹಾಕದ ಉಣ್ಣೆಯ ಕೆಲಸ ಮನೆಯಲ್ಲಿ ಆಗುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹುಲೇಕಲ್ ಕಡೆಯ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಖಾಲಿ ಬಿದ್ದಿರುವ ಒಂದು ಕೊಟ್ಟಿಗೆ ಇದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗಳು ಊರಿಗೆ ಬಂದಿದ್ದಾಳೆ. ಹೆಣಿಗೆ ಅವಳಿಗೆ ಚೆನ್ನಾಗಿ ಬರುತ್ತದೆ. ಅಲ್ಪಾಕ ಎಂಬ ಪ್ರಾಣಿ ಸಾಕಿ, ಅದರ ಉಣ್ಣೆಯನ್ನು ಇರುವ ಬಣ್ಣದಲ್ಲೇ ನೂತು ಶಾಲು ಮಾಡಿ ಮಾರಬೇಕು ಎನ್ನುತ್ತಾಳೆ. ನಾಲ್ಕು ಅಲ್ಪಾಕ ತಂದರೆ ನಮ್ಮ ಹವೆಗೆ ಬದುಕುತ್ತವೆಯೇ? ಅಥವಾ ಕಾರವಾರದಲ್ಲಿರುವ ತಮ್ಮನ ಜಾಗದಲ್ಲಿ ಇಡುವುದು ಒಳ್ಳೆಯದೇ? ಉಣ್ಣೆಯ ಕೆಲಸವೆಲ್ಲ ಕೈಯಿಂದಲೇ ಮಾಡಲು ಸಾಧ್ಯವೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಪ್ರಾಣಿ ತರಬೇಡಿ, ಶಿರಸಿಗೂ ಬೇಡ, ಕಾರವಾರಕ್ಕಂತೂ ಬೇಡವೇ ಬೇಡ. ಆದರೆ ಉಣ್ಣೆಯ ಕೆಲಸ ಖಂಡಿತ ಮಾಡಿ. ಅದು ನಿಮ್ಮ ಕೊಟ್ಟಿಗೆಯಲ್ಲೇ ಆಗುವ ಕೆಲಸ. ಮಗಳಿಗೆ ಹೆಣಿಗೆ ಬರುತ್ತದೆ ಎಂದರೆ ಅರ್ಧ ದಾರಿ ಬಂದ ಹಾಗೆಯೇ. ಈ ಎರಡು ವಿಷಯವನ್ನು ಬೇರೆ ಬೇರೆ ಮಾಡಿ ನೋಡಿದರೆ ನಿಮ್ಮ ಯೋಜನೆ ಸುಲಭವಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.

ಪ್ರಾಣಿ ಯಾಕೆ ಬೇಡ ಎಂದು ಬಿಡಿಸಿ ಹೇಳಬೇಕು. ಸುಮ್ನೆ ಬೇಡ ಎಂದರೆ ನಿಮ್ಮ ಮಗಳು ಒಪ್ಪುವುದಿಲ್ಲ, ಒಪ್ಪಲೂಬಾರದು.

ಅಲ್ಪಾಕ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಪ್ರಾಣಿ. ಒಂಟೆಯ ಬಳಗಕ್ಕೆ ಸೇರಿದ್ದು. ಅಲ್ಲಿನ ಕಾಡುಪ್ರಾಣಿ ವಿಕುನ್ಯಾವನ್ನು ಸಾವಿರಾರು ವರ್ಷಗಳ ಹಿಂದೆ ಪಳಗಿಸಿ, ಉಣ್ಣೆಗಾಗಿಯೇ ಆಯ್ದು ಆಯ್ದು ಬೆಳೆಸಿದ ತಳಿ. ಪ್ರಪಂಚದ ಬಹುಪಾಲು ಅಲ್ಪಾಕ ಇರುವುದು ಪೆರು ದೇಶದಲ್ಲಿ. ಅಲ್ಲೂ ಮುಖ್ಯವಾಗಿ ಪುನೊ, ಕುಸ್ಕೊ, ಅರೆಕಿಪಾ ಸೀಮೆಗಳಲ್ಲಿ, ಸಮುದ್ರಮಟ್ಟದಿಂದ 3500 ಮೀಟರಿಗಿಂತ ಮೇಲಿನ ಹುಲ್ಲುಗಾವಲಿನಲ್ಲಿ. ಗಾಳಿ ಒಣ, ಬಿಸಿಲು ಚುರುಕು, ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ತಂಪು. ಪುನೊದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ನಮ್ಮ ಶಿರಸಿಯಲ್ಲಿ ಅದು 2500ರ ಆಸುಪಾಸು. ಕಾರವಾರದಲ್ಲಿ ಇನ್ನೂ ಜಾಸ್ತಿ.

ಇಂಗ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮಳೆ ಇಲ್ವಾ, ಅಲ್ಲಿ ಸಾಕುತ್ತಾರಲ್ಲ ಎಂದು ಮಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಲ್ಲಿ ಮಳೆ ಬಂದರೂ ಹವೆ ತಂಪು. ನಮ್ಮಲ್ಲಿ ಸೆಕೆ ಮತ್ತು ತೇವ ಒಟ್ಟಿಗೆ ಬರುತ್ತವೆ, ತಿಂಗಳುಗಟ್ಟಲೆ ಬಿಡುವುದಿಲ್ಲ. ಅಲ್ಪಾಕಕ್ಕೆ ಕೂಡಿಬರದೇ ಇರುವುದು ಈ ಜೋಡಿ.

ಇದನ್ನು ಅಳೆಯಲು ಸಾಕಣೆದಾರರು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ. ಫ್ಯಾರನ್‌ಹೀಟ್‌ನಲ್ಲಿ ಉಷ್ಣಾಂಶ, ಅದಕ್ಕೆ ಗಾಳಿಯ ತೇವಾಂಶದ ಶೇಕಡಾ ಅಂಕಿ ಕೂಡಿಸುವುದು. ಮೊತ್ತ 120ರ ಒಳಗಿದ್ದರೆ ಪ್ರಾಣಿ ಆರಾಮವಾಗಿರುತ್ತದೆ. 150 ದಾಟಿದರೆ ಎಚ್ಚರ ಬೇಕು. 180ರ ಹತ್ತಿರ ಬಂದರೆ ಜೀವಕ್ಕೆ ಅಪಾಯ. ಈಗ ಕಾರವಾರದ ಮೇ ತಿಂಗಳು ತೆಗೆದುಕೊಳ್ಳಿ. 33 ಡಿಗ್ರಿ ಸೆಲ್ಸಿಯಸ್ ಎಂದರೆ ಸುಮಾರು 91 ಫ್ಯಾರನ್‌ಹೀಟ್. ತೇವಾಂಶ 75 ಎಂದು ಹಿಡಿದರೂ 166 ಆಯಿತು. ರಾತ್ರಿಯಾದರೂ ಕರಾವಳಿ ತಣ್ಣಗಾಗುವುದಿಲ್ಲ, ಅಲ್ವಾ? ಶಿರಸಿಯ ಜುಲೈ ತಂಪು ಎಂದು ನಮಗೆ ಅನ್ನಿಸುತ್ತದೆ. 25 ಡಿಗ್ರಿ ಎಂದರೆ 77, ತೇವಾಂಶ 90, ಒಟ್ಟು 167. ಅಂದರೆ ಕಾರವಾರದ ಬೇಸಿಗೆಯೂ ಶಿರಸಿಯ ಮಳೆಗಾಲವೂ ಈ ಪ್ರಾಣಿಯ ಮೈಗೆ ಹೆಚ್ಚುಕಡಿಮೆ ಒಂದೇ.

ಇನ್ನೊಂದು ಸಂಗತಿ ಇದೆ. ಅಲ್ಪಾಕ ಮೈಯ ಸೆಕೆಯನ್ನು ಹೊರಹಾಕುವುದು ಮುಖ್ಯವಾಗಿ ಹೊಟ್ಟೆಯ ಕೆಳಭಾಗ ಮತ್ತು ತೊಡೆಯ ಒಳಭಾಗದಿಂದ. ಅಲ್ಲಿ ಕೂದಲು ತೆಳ್ಳಗಿರುತ್ತದೆ. ಅದಕ್ಕೇ ಬಿಸಿಲಿನ ದೇಶಗಳಲ್ಲಿ ನೀರು ಹಾಯಿಸುವವರು ಹೊಟ್ಟೆ, ಕಾಲಿಗೆ ಮಾತ್ರ ಹಾಯಿಸುತ್ತಾರೆ. ಬೆನ್ನಿನ ಉಣ್ಣೆ ಒದ್ದೆಯಾದರೆ ಗಾಳಿ ಆಡದೆ ಸೆಕೆ ಒಳಗೇ ಉಳಿಯುತ್ತದೆ. ನಮ್ಮ ಮಳೆ ಬೀಳುವುದು ಬೆನ್ನಿನ ಮೇಲೆ. ಕುರಿಯ ಉಣ್ಣೆಯಲ್ಲಿರುವ ಜಿಡ್ಡು ಅಲ್ಪಾಕದಲ್ಲಿ ಬಹಳ ಕಡಿಮೆ, ಹಾಗಾಗಿ ನೀರು ಚರ್ಮದವರೆಗೂ ಇಳಿಯುತ್ತದೆ. ಅಲ್ಲಿಂದ ಚರ್ಮದ ಸೋಂಕು ಶುರು. ಪಾದದಡಿ ಮೆತ್ತನೆಯ ಗದ್ದಿಗೆ ಇರುವುದರಿಂದ ಕೆಸರಲ್ಲಿ ನಿಂತರೆ ಕಾಲೂ ಕೊಳೆಯುತ್ತದೆ.

ಹಾಗಾದರೆ ನಾಲ್ಕು ತಿಂಗಳು ಕೊಟ್ಟಿಗೆಯೊಳಗೆ ಕಟ್ಟಿದರಾಯಿತು ಎನ್ನಬಹುದು. ಆಗ ಬಿಸಿಲು ಸಿಗುವುದಿಲ್ಲ. ಎತ್ತರದ ಚುರುಕು ಬಿಸಿಲಿಗೆ ಒಗ್ಗಿದ ಪ್ರಾಣಿ ಅದು. ದಟ್ಟ ಉಣ್ಣೆ ದಾಟಿ ಚರ್ಮಕ್ಕೆ ಬಿಸಿಲು ತಾಗಬೇಕು, ಆಗ ಡಿ ವಿಟಮಿನ್ ತಯಾರಾಗುತ್ತದೆ. ಬಿಸಿಲು ಕಡಿಮೆಯಾದರೆ ಮರಿಗಳ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಈ ಕೊರತೆ ಬಿಳಿಯದಕ್ಕಿಂತ ಕಡು ಬಣ್ಣದ ಅಲ್ಪಾಕಗಳಲ್ಲಿ ಜಾಸ್ತಿ. ನಿಮ್ಮ ಮಗಳಿಗೆ ಬೇಕಾಗಿರುವುದು ಬಣ್ಣದ ಪ್ರಾಣಿಗಳೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸೂರ್ಯ ಎಷ್ಟು ದಿನ ಕಾಣುತ್ತಾನೆ ಎಂದು ನಿಮಗೇ ಗೊತ್ತು. ಅಡಿಕೆ ಒಣಗದ ಜಾಗದಲ್ಲಿ ಅಲ್ಪಾಕದ ಮರಿ ಗಟ್ಟಿಯಾಗಿ ಬೆಳೆಯುವುದಿಲ್ಲ.

ಜಂತುಹುಳುವಿನ ಮಾತು ಬೇರೆ. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೆಮಾಂಕಸ್ ಹುಳು, ಗದ್ದೆ-ಹಳ್ಳದ ಬಸವನಹುಳುವಿನಿಂದ ಬರುವ ಲಿವರ್ ಫ್ಲೂಕ್, ಎರಡೂ ತೇವದ ನೆಲದವು. ಆಂಡಿಸ್‌ನಲ್ಲಿ ಅಲ್ಪಾಕಗಳು ಹಿಂಡಿಗೆಲ್ಲ ಸೇರಿ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ, ಮೇಯುವುದು ದೂರ ದೂರ. ಹಾಗಾಗಿ ಹುಳು ಹರಡುವುದು ಕಡಿಮೆ. ನಿಮ್ಮ ಬೆಟ್ಟದಲ್ಲಿ ಬೇಲಿ ಹಾಕಿದ ಸಣ್ಣ ಜಾಗದಲ್ಲಿ ಆ ಅನುಕೂಲ ಇರುವುದಿಲ್ಲ. ಉಂಬಳ, ಉಣುಗುಗಳನ್ನು ಬೇರೆ ಹೇಳಬೇಕಾಗಿಲ್ಲ. ನಾಲ್ಕು ಬೆರಳಿನಷ್ಟು ದಪ್ಪ ಉಣ್ಣೆಯೊಳಗೆ ಉಣುಗು ಹೊಕ್ಕರೆ ಹುಡುಕುವುದು ಹೇಗೆ? ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ ಇರುವ ಕಾಡಿನಂಚಿನಲ್ಲಿ ಅಂಥ ಮೈಯನ್ನು ದಿನಾ ಮನೆ ಅಂಗಳಕ್ಕೆ ತರುವುದು ನನಗೆ ಸರಿ ಕಾಣುವುದಿಲ್ಲ.

ಕಾಗದಪತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ. ಹೊರದೇಶದಿಂದ ಜಾನುವಾರು ತರುವುದು 1898ರ ಜಾನುವಾರು ಆಮದು ಕಾಯ್ದೆಯ ಕೆಳಗೆ ಬರುತ್ತದೆ. ಕೇಂದ್ರ ಸರ್ಕಾರದ ಅನುಮತಿ, ರೋಗ ಪರೀಕ್ಷೆ, ಕ್ವಾರಂಟೈನ್ ಎಲ್ಲ ಆಗಬೇಕು. ಯಾರಾದರೂ ಅದಿಲ್ಲದೆ ಜೋಡಿ ತಂದುಕೊಡುತ್ತೇನೆ ಎಂದರೆ ಮುಂಗಡ ಕೊಡಬೇಡಿ.

ಇನ್ನು ಆದಾಯದ ಲೆಕ್ಕ. ಒಂದು ಅಲ್ಪಾಕದ ಉಣ್ಣೆ ಕತ್ತರಿಸುವುದು ವರ್ಷಕ್ಕೆ ಒಂದೇ ಸಲ. ಸಿಗುವುದು ಎರಡರಿಂದ ನಾಲ್ಕು ಕಿಲೋ. ಅದರಲ್ಲಿ ಬೆನ್ನು-ಪಕ್ಕೆಯ ಭಾಗ ಮಾತ್ರ ಶಾಲಿಗೆ ಬರುತ್ತದೆ. ಹೊಟ್ಟೆ, ಕಾಲಿನದು ಒರಟು. ನಾಲ್ಕು ಪ್ರಾಣಿಯಿಂದ ವರ್ಷಕ್ಕೆ ಹತ್ತು ಕಿಲೋ ಬಂತು ಅಂದುಕೊಳ್ಳಿ. ಆರಿಸಿ, ತೊಳೆದು, ಹಿಂಜಿದ ಮೇಲೆ ಶಾಲಿಗೆ ಆರು ಕಿಲೋ ಉಳಿದರೆ ಪುಣ್ಯ. ಒಂದು ಶಾಲಿಗೆ 250 ಗ್ರಾಂ ಹಿಡಿದರೆ 24 ಶಾಲು. ಮರಿ ಹೆಚ್ಚಾಗಿ ಹಿಂಡು ಬೆಳೆಯುತ್ತದೆ ಎನ್ನುವಂತೆಯೂ ಇಲ್ಲ. ಗರ್ಭ ಹನ್ನೊಂದೂವರೆ ತಿಂಗಳು, ಹುಟ್ಟುವುದು ಒಂದೇ ಮರಿ. ಆ 24 ಶಾಲಿಗೆ ಬೇಕಾದ ಉಣ್ಣೆಯನ್ನು ಒಂದು ದೊಡ್ಡ ಚೀಲದಲ್ಲಿ ತರಿಸಬಹುದು. ಅದಕ್ಕಾಗಿ ನಾಲ್ಕು ಜೀವವನ್ನು ಅರ್ಧ ಪ್ರಪಂಚ ದಾಟಿಸಿ ಇಲ್ಲಿನ ಮಳೆಯಲ್ಲಿ ನಿಲ್ಲಿಸುವುದು ಯಾಕೆ?

ಹೀಗೆ ದಾಟಿಸಿದ ಪ್ರಯತ್ನ ಹಿಂದೆ ನಡೆದಿದೆ. ಪೆರುವಿನಲ್ಲಿ ವ್ಯಾಪಾರ ಮಾಡುತ್ತಿದ್ದ ಚಾರ್ಲ್ಸ್ ಲೆಜರ್ ಎಂಬ ಇಂಗ್ಲಿಷಿನವರು, ಜೀವಂತ ಅಲ್ಪಾಕ ಹೊರಗೆ ಒಯ್ಯಬಾರದು ಎಂಬ ನಿಷೇಧವಿದ್ದರೂ ಲೆಕ್ಕಿಸದೆ ಬೆಟ್ಟ ದಾಟಿಸಿ, ಇನ್ನೂರಕ್ಕೂ ಹೆಚ್ಚು ಪ್ರಾಣಿಗಳನ್ನು 1858ರಲ್ಲಿ ಸಿಡ್ನಿಗೆ ತಲುಪಿಸಿದರು. ಕ್ವಿನೈನ್ ಕೊಡುವ ಸಿಂಕೋನಾ ಮರದ ಒಳ್ಳೆಯ ಬೀಜವನ್ನು ಮುಂದೆ ಹೊರಜಗತ್ತಿಗೆ ಕೊಟ್ಟವರೂ ಇವರೇ. ಬೀಜ ಜಾವಾದಲ್ಲಿ ಚಿಗುರಿತು. ಅಲ್ಪಾಕದ ಹಿಂಡು ಮಾತ್ರ ನಿಲ್ಲಲಿಲ್ಲ, ಕೆಲವೇ ವರ್ಷಗಳಲ್ಲಿ ಯೋಜನೆ ಮುಗಿಯಿತು. ಆಸ್ಟ್ರೇಲಿಯಾದಲ್ಲಿ ಮತ್ತೆ ಅಲ್ಪಾಕ ಸಾಕಣೆ ಶುರುವಾಗಿದ್ದು 1980ರ ದಶಕದ ಕೊನೆಯಲ್ಲಿ. ಆಗ ಆ ಪ್ರಾಣಿಯನ್ನು ಬಲ್ಲ ಪಶುವೈದ್ಯರು, ಔಷಧ, ತಕ್ಕ ಹುಲ್ಲುಗಾವಲು ಎಲ್ಲ ಒದಗಿದವು.

ನಮ್ಮೂರಿನದೇ ಉದಾಹರಣೆ ನೋಡಿ. ಅಜ್ಜಂದಿರ ಕಾಲದಲ್ಲಿ ಕರಿ ಕಂಬಳಿ ಇಲ್ಲದ ಮನೆ ಶಿರಸಿ-ಸಿದ್ದಾಪುರ ಕಡೆ ಇತ್ತೇ? ಕಂಬಳಿ ಕೊಪ್ಪೆ ಹಾಕಿಕೊಂಡೇ ಗದ್ದೆ ಕೆಲಸ, ತೋಟದ ಕೆಲಸ ನಡೆಯುತ್ತಿತ್ತು. ಅಷ್ಟು ಉಣ್ಣೆ ಬಳಸಿದ ಸೀಮೆಯಲ್ಲಿ ಕುರಿಹಿಂಡು ಯಾಕಿಲ್ಲ? ಇಲ್ಲಿ ನಿಂತದ್ದು ಮಲೆನಾಡ ಗಿಡ್ಡ ತಳಿಯ ದನ. ಸಣ್ಣ ಮೈ, ಗಿಡ್ಡ ಕೂದಲು, ಮಳೆ ಬಿದ್ದರೆ ಜಾರಿಹೋಗುವ ಚರ್ಮ. ಕುರಿ ಉಳಿದದ್ದು ಹಾವೇರಿ, ಚಿತ್ರದುರ್ಗ, ಬಳ್ಳಾರಿಯ ಒಣ ಬಯಲಿನಲ್ಲಿ. ಪ್ರಾಣಿ ಬಯಲುಸೀಮೆಯಲ್ಲೇ ಮೇಯ್ದುಕೊಂಡಿತ್ತು, ಉಣ್ಣೆ ಮಾತ್ರ ಮಲೆನಾಡಿಗೆ ಬಂತು. ನಿಮ್ಮ ಮಗಳಿಗೂ ಇದೇ ದಾರಿ ಎಂದು ನಾನು ಹೇಳುವುದು. ಅಲ್ಪಾಕ ಆಂಡಿಸ್‌ನಲ್ಲಿರಲಿ, ಕುರಿ ಬಯಲಲ್ಲಿರಲಿ, ಉಣ್ಣೆ ನಿಮ್ಮ ಕೊಟ್ಟಿಗೆಗೆ ಬರಲಿ.

ಈಗ ಉಣ್ಣೆಗೆ ಬರೋಣ. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಅಲ್ಪಾಕದಲ್ಲಿ ಎರಡು ಬಗೆ. ಹುವಕಾಯ ಎಂಬುದರ ಉಣ್ಣೆ ಗುಂಗುರಾಗಿ ಉಬ್ಬಿಕೊಂಡಿರುತ್ತದೆ. ಹತ್ತರಲ್ಲಿ ಒಂಬತ್ತು ಪ್ರಾಣಿ ಈ ಬಗೆಯವು. ಸುರಿ ಎಂಬುದರ ಉಣ್ಣೆ ರೇಷ್ಮೆಯ ಹೊಳಪಿನ ಜಡೆಗಳಾಗಿ ಇಳಿಬಿದ್ದಿರುತ್ತದೆ. ಕೈಕೆಲಸ ಕಲಿಯುವವರಿಗೆ ಹುವಕಾಯವೇ ಸರಿ. ಸುರಿ ಬಹಳ ಜಾರುತ್ತದೆ. ಬಣ್ಣಗಳಂತೂ ನೋಡಿದಷ್ಟೂ ಮುಗಿಯುವುದಿಲ್ಲ. ಬಿಳಿ, ಕೆನೆ, ತಿಳಿಗಂದು, ಕಂದು, ಕಾಫಿ, ಕಪ್ಪು, ಬೆಳ್ಳಿ ಬೂದು, ಕೆಂಪು ಬೆರೆತ ಬೂದು. ವ್ಯಾಪಾರದಲ್ಲಿ 22 ಛಾಯೆಗಳನ್ನು ಗುರುತಿಸುತ್ತಾರೆ. ಆದರೆ ಗಿರಣಿಗಳಿಗೆ ಬೇಕಾಗಿದ್ದು ಬಿಳಿ. ಬಿಳಿಗೆ ಯಾವ ಬಣ್ಣ ಬೇಕಾದರೂ ಹಾಕಬಹುದಲ್ಲ. ಹಾಗಾಗಿ ಪೆರುವಿನಲ್ಲಿ ಬಿಳಿ ಪ್ರಾಣಿಗಳನ್ನೇ ಬೆಳೆಸುತ್ತ ಹೋದರು, ಬಣ್ಣದವು ಕಡಿಮೆಯಾದವು. ಬಣ್ಣ ಹಾಕದೆ ನೂಲುವವರು ಹೆಚ್ಚಾದರೆ ಆ ಕಂದು, ಕಪ್ಪು ಹಿಂಡುಗಳಿಗೂ ಬೆಲೆ ಬರುತ್ತದೆ. ನಿಮ್ಮ ಮಗಳ ಯೋಚನೆಯಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಕೊಳ್ಳುವಾಗ ಮೈಕ್ರಾನ್ ಕೇಳಿ. ಅಂದರೆ ಎಳೆಯ ದಪ್ಪದ ಅಳತೆ. ಮೂವತ್ತು ದಾಟಿದ ಎಳೆ ಕತ್ತಿಗೆ ಚುಚ್ಚುತ್ತದೆ. ಶಾಲಿಗೆ 22ರಿಂದ 26ರ ಒಳಗಿನದು ಸಾಕು. ‘ಬೇಬಿ ಅಲ್ಪಾಕ’ ಎಂದು ಬರೆದಿದ್ದರೆ ಮರಿಯ ಉಣ್ಣೆ ಎಂದುಕೊಳ್ಳಬೇಡಿ. ಅದು 22-23 ಮೈಕ್ರಾನಿನ ನಯವಾದ ದರ್ಜೆಯ ಹೆಸರು, ದೊಡ್ಡ ಪ್ರಾಣಿಯದೂ ಇರಬಹುದು. ಅನುಮಾನ ಬಂದರೆ ಒಂದು ಎಳೆ ಸುಟ್ಟು ನೋಡಿ. ಪ್ರಾಣಿಯ ಕೂದಲಾದರೆ ತಲೆಗೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಶುರುವಿಗೆ ತೊಳೆದು ಬಾಚಿ ಉದ್ದ ಪಟ್ಟಿ ಮಾಡಿದ ಅಲ್ಪಾಕವನ್ನೇ ಕೊಳ್ಳಿ. ಕೈನೂಲುವವರಿಗೆ ಸಾಮಾನು ಮಾರುವ ಕಡೆ ಅದು ‘ಟಾಪ್ಸ್’ ಎಂಬ ಹೆಸರಲ್ಲಿ ಸಿಗುತ್ತದೆ. ಕಚ್ಚಾ ಉಣ್ಣೆಯನ್ನು ಹೊರದೇಶದಿಂದ ತರಿಸುವುದು ಬೇರೆ ಮಾತು. ಪ್ರಾಣಿಯಿಂದ ಬಂದ ಸರಕಾದ್ದರಿಂದ ಅದಕ್ಕೂ ಪರವಾನಗಿ ಕೇಳುತ್ತಾರೆ, ಮೊದಲೇ ವಿಚಾರಿಸಿಕೊಳ್ಳಿ. ಕಚ್ಚಾ ಉಣ್ಣೆಯಿಂದ ಶುರು ಮಾಡುವ ಪೂರ್ತಿ ಕೆಲಸ ಕಲಿಯಲು ಅಲ್ಪಾಕವೇ ಬೇಕಾಗಿಲ್ಲ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಇದೆ. ಹುಟ್ಟಾ ಕಪ್ಪು, ಬೂದು, ಕಂದುಗಪ್ಪು. ಇದಕ್ಕೂ ಬಣ್ಣ ಹಾಕುವುದು ಬೇಡ. ಒರಟು ಉಣ್ಣೆಗೆ ಈಗ ಗಿರಾಕಿ ಇಲ್ಲದೆ ಎಷ್ಟೋ ಕುರಿಗಾರರು ಕತ್ತರಿಸಿದ್ದನ್ನು ಎಸೆಯುತ್ತಿದ್ದಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಮುಂಡಗೋಡ, ಹಳಿಯಾಳದ ಕಡೆ ಕೊಯ್ಲಾದ ಗದ್ದೆಗೆ ಗೊಬ್ಬರಕ್ಕಾಗಿ ಕುರಿ ತರುಬಿಸುತ್ತಾರಲ್ಲ, ಆ ಕುರಿಗಾರರನ್ನು ಮಾತಾಡಿಸಿ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಇವೆರಡೂ ಕಂಬಳಿಗೆ ಹೆಸರಾದ ಊರುಗಳು. ಒಮ್ಮೆ ಹೋಗಿ ಕುರುಬರ ಮನೆಯಲ್ಲಿ ಹೆಂಗಸರು ನೂಲುವುದನ್ನು ನೋಡಿ ಬರಲಿ. ಪುಸ್ತಕದಲ್ಲಿ ಸಿಗದ ಕೈಚಳಕ ಅಲ್ಲಿದೆ. ಇನ್ನೂ ಹತ್ತಿರ ಎಂದರೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪ್. 1966ರಲ್ಲಿ ನೆಲೆಯಾದ ಜನ ತಮ್ಮ ಜೊತೆಗೆ ಉಣ್ಣೆಯ ಗಾಲೀಚೆ ನೇಯುವ ವಿದ್ಯೆಯನ್ನೂ ತಂದರು. ಎತ್ತರದ ಚಳಿನಾಡಿನ ಉಣ್ಣೆ ಕೆಲಸ ಬಲ್ಲವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಡೆಕ್ಕನಿ ಕುರಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಹಾಗಾಗಿ ಎಳೆ ಗಿಡ್ಡ. ಮರಿಯ ಮೊದಲ ಕತ್ತರಿಯ ಉಣ್ಣೆ ಬೇರೆಯಾಗಿ ಕೇಳಿ ತೆಗೆದುಕೊಳ್ಳಿ, ಅದು ಹೆಚ್ಚು ಮೆತ್ತಗಿರುತ್ತದೆ. ಸತ್ತ ಕುರಿಯ ಉಣ್ಣೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಉಣ್ಣೆಯ ದೂಳಿನಿಂದ ಮನುಷ್ಯರ ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಅಲ್ಪಾಕ, ಮೊಹೇರ್ (ಅಂಗೋರಾ ಮೇಕೆಯ ಕೂದಲು) ಮೂಟೆ ಬಿಚ್ಚಿ ಆರಿಸುತ್ತಿದ್ದ ಕೆಲಸಗಾರರು ಇದೇ ರೋಗದಿಂದ ಸತ್ತರು. ಅಲ್ಲಿ ಅದಕ್ಕೆ ಉಣ್ಣೆ ಆರಿಸುವವರ ರೋಗ ಎಂದೇ ಹೆಸರು ಬಿದ್ದಿತ್ತು. ಕಚ್ಚಾ ಉಣ್ಣೆ ಬಿಡಿಸುವಾಗ ಮಾಸ್ಕ್ ಹಾಕಿ, ಗಾಳಿಯಾಡುವ ಕಡೆ ಕೂತು ಕೆಲಸ ಮಾಡಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇಡ.

ಆರಿಸುವುದಕ್ಕೆ ಕೋಳಿ ಬಲೆಯಂಥ ತಂತಿ ಬಲೆಯನ್ನು ಚೌಕಟ್ಟಿಗೆ ಹೊಡೆದು ಮೇಜು ಮಾಡಿ. ಉಣ್ಣೆ ಹರಡಿ ಅಲ್ಲಾಡಿಸಿದರೆ ದೂಳು, ಹಿಕ್ಕೆ, ಗಿಡ್ಡ ತುಂಡುಗಳು ಕೆಳಗೆ ಉದುರುತ್ತವೆ. ಮುಳ್ಳು, ಹುಲ್ಲನ್ನು ಕೈಯಿಂದ ತೆಗೆಯಬೇಕು. ಒಂದು ಕುಚ್ಚನ್ನು ಎರಡೂ ತುದಿಯಲ್ಲಿ ಹಿಡಿದು ಕಿವಿಯ ಹತ್ತಿರ ತಟ್ಟನೆ ಎಳೆಯಿರಿ. ತಂತಿ ಮಿಡಿದಂಥ ಶಬ್ದ ಬಂದರೆ ಗಟ್ಟಿ ಉಣ್ಣೆ. ಚಟಚಟ ಎಂದರೆ ಮಧ್ಯದಲ್ಲಿ ಹರಿಯುತ್ತಿದೆ, ಪ್ರಾಣಿಗೆ ಕಾಯಿಲೆಯೋ ಹಸಿವೋ ಆದಾಗ ಬೆಳೆದ ಭಾಗ ಅದು. ಅಂಥದ್ದನ್ನು ದಿಂಬಿಗೆ ತುಂಬಿ, ನೂಲಲು ಬೇಡ. ಅಲ್ಪಾಕದಲ್ಲಾದರೆ ನಯವಾದ ಎಳೆಗಳ ನಡುವೆ ನೆಟ್ಟಗೆ, ದಪ್ಪಗೆ ಇರುವ ಕಾವಲು ಕೂದಲು ಇರುತ್ತದೆ. ಕುಚ್ಚಿನ ತುದಿ ಹಿಡಿದು ಆ ಉದ್ದ ಕೂದಲನ್ನು ಎಳೆದು ತೆಗೆಯಬಹುದು. ಬೇಸರದ ಕೆಲಸ. ಆದರೆ ಶಾಲು ಚುಚ್ಚುವುದೋ ಬಿಡುವುದೋ ಇಲ್ಲೇ ತೀರ್ಮಾನವಾಗುತ್ತದೆ. ಯಂತ್ರಕ್ಕಿಂತ ಕೈ ಮೇಲು ಎಂದು ನಾನು ಧೈರ್ಯವಾಗಿ ಹೇಳುವುದು ಈ ಹಂತದಲ್ಲಿ.

ತೊಳೆಯುವುದು ಕುರಿಗೆ ಬೇರೆ, ಅಲ್ಪಾಕಕ್ಕೆ ಬೇರೆ. ಕುರಿ ಉಣ್ಣೆಯ ಜಿಡ್ಡು ಬಿಡಲು ಕೈ ತಡೆಯದಷ್ಟು ಬಿಸಿ ನೀರು, ಸೋಪು ಬೇಕು. ಅಲ್ಪಾಕದಲ್ಲಿ ಜಿಡ್ಡು ಬಹಳ ಕಡಿಮೆ, ಇರುವುದು ಹೆಚ್ಚಾಗಿ ದೂಳು. ಉಗುರುಬೆಚ್ಚಗಿಂತ ಸ್ವಲ್ಪ ಬಿಸಿ ನೀರು, ಸೌಮ್ಯವಾದ ದ್ರವ ಸೋಪು ಸಾಕು. ಎರಡಕ್ಕೂ ಒಂದು ನಿಯಮ ಇದೆ. ಕುಕ್ಕಬಾರದು, ತಿಕ್ಕಬಾರದು, ಹಿಂಡಬಾರದು, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಬಾರದು. ಹಾಗೆ ಮಾಡಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ನಮದೆಯಾಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಬಲೆ ಚೀಲದಲ್ಲಿ ತುಂಬಿ ನೀರಲ್ಲಿ ಒತ್ತಿ, ಅರ್ಧ ಗಂಟೆ ಬಿಡಿ, ಎತ್ತಿ ಸೋರಿಸಿ, ಅಷ್ಟೇ ಬಿಸಿಯ ಬೇರೆ ನೀರಿಗೆ ಹಾಕಿ. ನೀರು ತಿಳಿಯಾಗುವವರೆಗೆ ಹೀಗೇ. ಸೂರಿನ ಮಳೆನೀರು ಹಿಡಿದಿಟ್ಟರೆ ಬಹಳ ಒಳ್ಳೆಯದು, ಸೋಪು ಚೆನ್ನಾಗಿ ಬಿಟ್ಟುಹೋಗುತ್ತದೆ. ತೊಳೆದ ನೀರನ್ನು ತೋಟಕ್ಕೆ ಬಿಡಿ.

ಒಣಗಿಸುವುದು ನಮ್ಮೂರಿನ ನಿಜವಾದ ಸಮಸ್ಯೆ. ತೊಳೆಯುವ ಕೆಲಸವನ್ನು ನವೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ನೆರಳಲ್ಲಿ, ಬಲೆಯ ಮೇಲೆ ಹರಡಿ ಒಣಗಿಸಿ. ಕಡು ಬಣ್ಣದ ಉಣ್ಣೆ ಬಿಸಿಲಿಗೆ ಮಾಸುತ್ತದೆ. ಕಪ್ಪು ಪ್ರಾಣಿಯ ಉಣ್ಣೆಯ ತುದಿ ಕಂದಾಗಿರುವುದೂ ಬಿಸಿಲಿನಿಂದಲೇ. ಅಡಿಕೆ ಒಣಗಿಸುವ ಅಂಗಳದಲ್ಲಿ ಬೇಡ, ಸಿಪ್ಪೆಯ ನಾರು ಸೇರಿದರೆ ಆರಿಸಿ ಮುಗಿಯುವುದಿಲ್ಲ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆ ವಾಸನೆ ಹೋಗುವುದೇ ಇಲ್ಲ. ಪೂರ್ತಿ ಒಣಗಿದ್ದನ್ನು ಗಾಳಿ ಹೋಗದ ಡಬ್ಬಿಯಲ್ಲಿ ತುಂಬಿ, ಬೇವಿನ ಸೊಪ್ಪು ಒಣಗಿಸಿ ಹಾಕಿ, ತಿಂಗಳಿಗೊಮ್ಮೆ ತೆರೆದು ನೋಡಿ. ಸೊಪ್ಪನ್ನೇ ನಂಬಿ ಕೂರಬೇಡಿ. ಒಂದು ನುಸಿ ಹೊಕ್ಕರೂ ಪೂರ್ತಿ ಡಬ್ಬಿ ಹೋಯಿತು. ಮಳೆಗಾಲಕ್ಕೆ ನೂಲುವುದು, ಹೆಣೆಯುವುದು ಇಟ್ಟುಕೊಳ್ಳಿ. ಹವೆಯಲ್ಲಿ ತೇವ ಇದ್ದರೆ ಎಳೆ ಹಾರುವುದಿಲ್ಲ, ನೂಲಲು ಅದೇ ಅನುಕೂಲ. ಉಣ್ಣೆಯ ಕೆಲಸಕ್ಕೆ ನಮ್ಮ ಮಳೆಗಾಲ ಶತ್ರುವಲ್ಲ, ಯಾವ ಕೆಲಸ ಯಾವಾಗ ಎಂದು ತಿಳಿದಿರಬೇಕು ಅಷ್ಟೆ.

ಹಿಂಜುವುದಕ್ಕೆ ಒಂದು ಜೊತೆ ಕೈ ಬಾಚಣಿಗೆ ಹಲಗೆ ಬೇಕು, ಮೊಳೆಯಂಥ ಸಣ್ಣ ತಂತಿ ಹಲ್ಲುಗಳಿರುತ್ತವಲ್ಲ, ಅದು. ಕಂಬಳಿಯ ಕಡೆ ಬಿಲ್ಲಿನಿಂದ ಹಿಂಜುತ್ತಾರೆ. ಹಲಗೆಗೆ ಸ್ವಲ್ಪವೇ ಉಣ್ಣೆ ಹಾಕಿ. ಜಾಸ್ತಿ ಹಾಕಿ ಒತ್ತಿ ಎಳೆದರೆ ಎಳೆ ಹರಿದು ಸಣ್ಣ ಗಂಟುಗಳಾಗುತ್ತವೆ. ನಾಲ್ಕೈದು ಸಲ ಬಾಚಿ, ಸುತ್ತಿ ಹಂಜಿ ಮಾಡಿ ಇಡಿ. ತಿಳಿ ಬಣ್ಣ ಮೊದಲು, ಕಡು ಬಣ್ಣ ಕೊನೆಗೆ. ಕಪ್ಪಿನ ನಾಲ್ಕು ಎಳೆ ಹಲ್ಲಿನಲ್ಲಿ ಉಳಿದರೂ ಬಿಳಿ ಕೆಡುತ್ತದೆ.

ಬಣ್ಣ ಬೆರೆಸುವ ಆಟ ಇರುವುದು ಇಲ್ಲಿ. ಬಿಳಿಗೆ ಕಪ್ಪು ಬೆರೆಸಿದರೆ ಒಂದು ಬೂದು, ಕೆನೆಗೆ ಕಂದು ಬೆರೆಸಿದರೆ ಒಣ ಅಡಿಕೆ ಹಾಳೆಯ ಬಣ್ಣ. ಪೂರ್ತಿ ಬೆರೆಯುವ ಮೊದಲೇ ನಿಲ್ಲಿಸಿದರೆ ನೂಲಿನಲ್ಲಿ ಎರಡೂ ಬಣ್ಣ ಗೆರೆಗೆರೆಯಾಗಿ ಕಾಣುತ್ತವೆ, ಅದು ಇನ್ನೂ ಚೆನ್ನ. ಪ್ರತಿಯೊಂದನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಚೂರು ಉಣ್ಣೆ ಅಂಟಿಸಿ. ಡಬ್ಬಿಯಿಂದ ಬರುವ ಬಣ್ಣ ಅಲ್ಲವಲ್ಲ, ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸ ಇರುತ್ತದೆ. ಅದಕ್ಕೇ ಒಂದು ಶಾಲಿಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿ ಇಟ್ಟುಕೊಳ್ಳಬೇಕು.

ನೂಲಲು ತಕಲಿಯಿಂದ ಶುರು ಮಾಡಲಿ. ಹತ್ತಿಗಾಗಿ ಮಾಡಿದ ಪೆಟ್ಟಿಗೆ ಚರಕದ ಕದಿರು ಬಹಳ ವೇಗವಾಗಿ ತಿರುಗುತ್ತದೆ, ಉದ್ದ ಎಳೆಯ ಉಣ್ಣೆಗೆ ಕಲಿಯುವವರ ಕೈ ಕೂರುವುದಿಲ್ಲ. ಮೊದಲು ಕುರಿ ಉಣ್ಣೆ ನೂತು ಕೈ ಪಳಗಿದ ಮೇಲೆ ಅಲ್ಪಾಕ ಹಿಡಿಯಲಿ. ಕುರಿಯ ಎಳೆಗೆ ಹೊರಮೈ ಮೇಲೆ ಎದ್ದ ಪೊರೆ ಇರುತ್ತದೆ, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಲ್ಪಾಕದಲ್ಲಿ ಆ ಪೊರೆ ಚಪ್ಪಟೆ, ಜಾರುತ್ತದೆ. ಅದಕ್ಕೆ ಹುರಿ ಜಾಸ್ತಿ ಬೇಕು. ಹುರಿ ಕಡಿಮೆಯಾದ ಅಲ್ಪಾಕದ ನೂಲು ಮೊದಲು ಮೃದುವಾಗಿ ಕಾಣುತ್ತದೆ, ಉಟ್ಟ ಮೇಲೆ ಗುಂಜು ಬಿಡುತ್ತದೆ, ಉದ್ದ ಇಳಿಯುತ್ತದೆ. ತೆಳ್ಳಗೆ ನೂತು, ಎರಡು ಎಳೆಯನ್ನು ಎದುರು ದಿಕ್ಕಿಗೆ ಸೇರಿಸಿ ಹುರಿ ಮಾಡಿ. ಲಡಿ ಸುತ್ತಿ ಬೆಚ್ಚನೆ ನೀರಲ್ಲಿ ನೆನೆಸಿ, ಭಾರ ಕಟ್ಟದೆ ತೂಗುಹಾಕಿ ಒಣಗಿಸಿ.

ಕೊನೆಗೆ ಹೆಣಿಗೆಯೋ ನೇಯ್ಗೆಯೋ. ಅಲ್ಪಾಕಕ್ಕೆ ಎಳೆದರೆ ಹಿಂದೆ ಹೋಗುವ ಗುಣ ಕಡಿಮೆ. ಸ್ವೆಟರಿನ ತೋಳು, ಟೊಪ್ಪಿಯ ಅಂಚು ಸಡಿಲವಾಗಿಬಿಡುತ್ತವೆ. ಶಾಲು, ಮಫ್ಲರಿಗೆ ಆ ಇಳಿತವೇ ಚೆಂದ. ಸ್ವೆಟರ್ ಮಾಡಲೇಬೇಕಾದರೆ ಕಾಲು ಭಾಗ ಮೆರಿನೋ ಕುರಿಯ ಉಣ್ಣೆ ಬೆರೆಸಿ. ಡೆಕ್ಕನಿ ಉಣ್ಣೆಯನ್ನು ಮೈಗೆ ತಾಗುವ ಬಟ್ಟೆಗೆ ಬೆರೆಸಬೇಡಿ, ಚುಚ್ಚುತ್ತದೆ. ಅದನ್ನು ಚೀಲ, ಕೂರುವ ಚಾಪೆ, ನೆಲಹಾಸು, ಗೋಡೆಗೆ ತೂಗುವ ಹಾಸುಗಳಿಗೆ ಬಳಸಿ. ನೇಯುವ ದಾರಕ್ಕೆ ಹುಣಸೆ ಬೀಜದ ಗಂಜಿ ಹಾಕುವ ಕಂಬಳಿಯವರ ಪದ್ಧತಿಯನ್ನೂ ಕಲಿತುಕೊಳ್ಳಲಿ.

ನೇಯಿಸುವ ಯೋಚನೆ ಬಂದರೆ ಒಂದು ಹಳೆಯ ಉಪಾಯ ಇದೆ. ಬ್ರಾಡ್‌ಫರ್ಡ್‌ನ ಟೈಟಸ್ ಸಾಲ್ಟ್ 1836ರ ಸುಮಾರಿಗೆ ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕದ ಮೂಟೆಗಳನ್ನು ಕೊಂಡರು. ಪೂರ್ತಿ ಅಲ್ಪಾಕದ ಬಟ್ಟೆ ಮಾಡಲು ಹೋಗದೆ, ಹಾಸಿನ ದಾರಕ್ಕೆ (ಮಗ್ಗದ ಉದ್ದದ ದಾರ) ಹತ್ತಿ ಅಥವಾ ರೇಷ್ಮೆ, ಹೊಕ್ಕಿಗೆ (ಅಡ್ಡ ದಾರ) ಅಲ್ಪಾಕ ಇಟ್ಟು ನೇಯ್ದರು. ಆ ಬಟ್ಟೆಯ ಸಂಪಾದನೆಯಿಂದಲೇ 1853ರಲ್ಲಿ ಸಾಲ್ಟೇರ್ ಎಂಬಲ್ಲಿ ದೊಡ್ಡ ಗಿರಣಿ ತೆರೆದು, ಸುತ್ತ ಒಂದು ಊರನ್ನೇ ಕಟ್ಟಿದರು. ಅದು ಈಗ ವಿಶ್ವ ಪರಂಪರೆಯ ತಾಣ. ನಿಮಗೂ ಇದು ಹೊಂದುತ್ತದೆ. ಹಾಸಿನ ದಾರಕ್ಕೆ ಗಟ್ಟಿಯಾದ ಹತ್ತಿ ನೂಲು ಇಟ್ಟರೆ ಮಗ್ಗದಲ್ಲಿ ಹರಿಯುವುದಿಲ್ಲ, ಕೈನೂಲಿನ ಅಲ್ಪಾಕ ಅರ್ಧದಷ್ಟು ಸಾಕಾಗುತ್ತದೆ, ನಮ್ಮ ಹವೆಯಲ್ಲಿ ಹೊದೆಯುವಷ್ಟು ಹಗುರವಾದ ಶಾಲೂ ಆಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಬೇಡಿ. ಈ ನವೆಂಬರಿನಲ್ಲಿ ಎರಡು ಕಿಲೋ ಕಪ್ಪು ಕುರಿ ಉಣ್ಣೆ, ಒಂದು ತಕಲಿ, ಒಂದು ಜೊತೆ ಬಾಚಣಿಗೆ ಹಲಗೆ ತನ್ನಿ. ಆರಿಸಿ ಹಿಂಜುವವರೆಗೆ ಎಷ್ಟು ಕಳೆಯಿತು ಎಂದು ತೂಗಿ ಬರೆಯಲಿ. ನೂಲು ಸಮನಾಗಿ ಬರತೊಡಗಿದ ಮೇಲೆ ಅರ್ಧ ಕಿಲೋ ಅಲ್ಪಾಕ ಟಾಪ್ಸ್ ತರಿಸಿ, ಒಂದು ಕಂದು, ಒಂದು ಕೆನೆ. ಮೊದಲ ಶಾಲಿಗೆ ಹಿಡಿದ ಗಂಟೆಗಳನ್ನು ಹಿಂಜುವುದು, ನೂಲುವುದು, ಹೆಣೆಯುವುದು ಎಂದು ಬೇರೆ ಬೇರೆಯಾಗಿ ಬರೆದಿಡಲು ಮಗಳಿಗೆ ಹೇಳಿ. ಆ ಲೆಕ್ಕ ಕೈಗೆ ಬಂದ ಮೇಲೆ ಬರೆಯಿರಿ, ಶಾಲಿಗೆ ಎಷ್ಟು ಬೆಲೆ ಇಡಬೇಕು ಎಂಬುದನ್ನು ಆಗ ಹೇಳುತ್ತೇನೆ.